ಟಿ.ವಿ. ಮೇಡಮ್ಮನ ಬೆನ್ನು ಹತ್ತಿ ಹುಳಿಯಾರಿನಾಚೆಗೆ

ತಿಪಟೂರಿನ ಕಡೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಇಡೀ ಪ್ರವಾಸದಲ್ಲಿ ನಾನು ಕೇಳದೆ ಸಿಕ್ಕ ಒಳ್ಳೆಯದು ಅದೊಂದೇ. ಸಂಕ್ರಾಂತಿ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ತುಮಕೂರು ದಾಟುವವರೆಗೆ ಕಿಟಕಿ ಇಳಿಸಿಕೊಂಡೇ ಕೂತಿದ್ದೆ. ಗುಬ್ಬಿಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ಬೇಯಿಸಿದ ಕಡಲೆಕಾಯಿ ಮಾರಿದಳು, ಅದನ್ನು ಸುಲಿಯುತ್ತ ಕೈ ಬೆಚ್ಚಗೆ ಮಾಡಿಕೊಂಡೆ. ನಿಟ್ಟೂರು ಕಳೆದ ಮೇಲೆ ಹೊರಗೆ ನೋಡಿದರೆ ತೆಂಗು, ಆಚೆ ನೋಡಿದರೆ ತೆಂಗು, ನಡುವೆ ಅಲ್ಲಲ್ಲಿ ರಾಗಿ ಕುಯ್ದ ಬೋಳು ಹೊಲ.

ನಾನು ಯಾಕೆ ಹೊರಟೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವಳು. ಹಳ್ಳಿಯ ಶಾಲೆಗಳಿಗೆ ಉಪಗ್ರಹದ ಮೂಲಕ ಟಿ.ವಿ. ಪಾಠ ಕಳಿಸುವ ಕೆಲಸ ಶುರುವಾದಾಗ, ಪಾಠದ ಮಾತುಗಳನ್ನು ಬರೆಯಲಿಕ್ಕೆಂದು ನನ್ನನ್ನು ಬೆಂಗಳೂರಿನ ಸ್ಟುಡಿಯೋ ಒಂದಕ್ಕೆ ನಿಯೋಜನೆ ಮೇಲೆ ಕರೆಸಿಕೊಂಡರು. ನಾನು ಬರೆದದ್ದನ್ನು ಲಕ್ಷಣವಾದ ಹುಡುಗಿಯೊಬ್ಬಳು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕ್ಯಾಮೆರಾ ಮುಂದೆ ನಿಂತು ಹೇಳುತ್ತಿದ್ದಳು. ಹಳ್ಳಿಗಳಲ್ಲಿ ಅವಳಿಗೆ ಟಿ.ವಿ. ಮೇಡಂ ಎಂದು ಹೆಸರು ಬಿದ್ದಿದೆ ಎಂದು ಕೇಳಿದ್ದೆ. ಎರಡು ವರ್ಷ ಬರೆದೆ. ನನ್ನ ಪಾಠವನ್ನು ಒಂದು ಮಗುವಾದರೂ ನೋಡುತ್ತಿರುವುದನ್ನು ಕಣ್ಣಾರೆ ಕಂಡಿರಲಿಲ್ಲ. ಊರುಗಳಿಂದ ಬರುತ್ತಿದ್ದ ವರದಿಯಲ್ಲೆಲ್ಲ ‘ಅತ್ಯುತ್ತಮ’ ಎಂಬ ಒಂದೇ ಮಾತು ಇರುತ್ತಿತ್ತು. ಎಲ್ಲ ಶಾಲೆಯೂ ಅತ್ಯುತ್ತಮವಾದರೆ ಎಲ್ಲೋ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಲು ಮೇಷ್ಟರ ಕೆಲಸ ಮಾಡಿದವರಿಗೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ.

ನಮ್ಮ ನಿರ್ದೇಶಕರ ಜೊತೆ ನನಗೆ ಸಣ್ಣಪುಟ್ಟ ಜಗಳಗಳೂ ಇದ್ದವು. ಪ್ರತಿ ಪಾಠದ ಶುರುವಿಗೆ ನಾನು ‘ನಮಸ್ಕಾರ ಮಕ್ಕಳೇ, ಕುಳಿತುಕೊಳ್ಳಿ’ ಎಂದು ಬರೆದರೆ ಅವರು ಎರಡನೇ ಮಾತನ್ನು ಕತ್ತರಿಸುತ್ತಿದ್ದರು. “ಮಕ್ಕಳು ಕೂತ್ಕೊಂಡೇ ಟಿ.ವಿ. ನೋಡ್ತಾರಲ್ಲ ಮೇಡಂ, ಸುಮ್ನೆ ಟೈಮ್ ವೇಸ್ಟು” ಎನ್ನುತ್ತಿದ್ದರು. ನಾನು ಬರೆಯುತ್ತಲೇ ಇದ್ದೆ, ಅವರು ಕತ್ತರಿಸುತ್ತಲೇ ಇದ್ದರು. ಕೊನೆಗೆ ನನಗೇ ಬೇಜಾರಾಗಿ ಬರೆಯುವುದನ್ನು ಬಿಟ್ಟೆ. ಶಾಲೆಗಳನ್ನು ನೋಡಿ ಬರುತ್ತೇನೆಂದು ಕೇಳಿದಾಗ, “ಹೋಗ್ಬನ್ನಿ, ಆದ್ರೆ ಖರ್ಚು ಮಾತ್ರ ಕೇಳ್ಬೇಡಿ” ಅಂದರು. ಹಾಗೆ ಹೊರಟೆ.

ತಿಪಟೂರು ನಿಲ್ದಾಣದಲ್ಲಿ ಅಮ್ಜದ್ ಸಾಬರು ಕಾದಿದ್ದರು. ತುರುವೇಕೆರೆಯಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟವರು, ನಲವತ್ತು ದಾಟಿದ ಗಟ್ಟಿ ಆಳು. ಈ ಸುತ್ತಿನ ಶಾಲೆಗಳ ಮಾಡಿನ ಮೇಲೆಲ್ಲ ಡಿಶ್ ಕೂರಿಸಿದವರು ಅವರೇ. ಕೆಟ್ಟಾಗ ಸರಿ ಮಾಡುವ ಗುತ್ತಿಗೆಯೂ ಅವರದೇ. ಅವರ ಬಿಳಿ ಓಮ್ನಿಯ ನೆತ್ತಿಗೆ ಏಣಿಯೊಂದನ್ನು ಹಗ್ಗದಿಂದ ಬಿಗಿದಿದ್ದರು. ಡೀಸೆಂಟಾಗಿ ಬಾಗಿಲು ತೆಗೆದು, “ಬನ್ನಿ ಮೇಡಂ. ಮೊದ್ಲು ತಟ್ಟೆ ಇಡ್ಲಿ, ಆಮೇಲೆ ಇನ್ಸ್‌ಪೆಕ್ಷನ್ನು” ಅಂದರು. ನಾನು ಇನ್ಸ್‌ಪೆಕ್ಟರ್ ಅಲ್ಲ, ಪಾಠ ಬರೆಯುವವಳು ಎಂದೆ. “ಹೌದಾ! ಹಂಗಾದ್ರೆ ಆ ಟಿ.ವಿ. ಮೇಡಂ ಬಾಯಲ್ಲಿ ಬರೋದೆಲ್ಲ ನಿಮ್ದಾ? ನಮ್ಮನೇಲಿ ನನ್ ಹೆಂಡ್ತಿ ಬಾಯಲ್ಲಿ ಬರೋದು ನಂದಲ್ಲ ಬಿಡಿ” ಎಂದು ನಕ್ಕರು. ಇಡ್ಲಿ ತಟ್ಟೆಯಗಲ ಇತ್ತು, ಚಟ್ನಿಯಲ್ಲಿ ಕಾಯಿಗೆ ಲೆಕ್ಕವೇ ಇರಲಿಲ್ಲ.

ಮೊದಲನೇ ಶಾಲೆ ತಿಪಟೂರಿನಿಂದ ಹತ್ತು ಕಿಲೋಮೀಟರಿನೊಳಗೆ. ಊರಿನ ಹೆಸರು ಹೇಳುವುದಿಲ್ಲ. ಈ ಬರಹದಲ್ಲಿ ಯಾವ ಶಾಲೆಯ ಊರಿನ ಹೆಸರೂ ಬರುವುದಿಲ್ಲ. ಹೆಡ್‌ಮಾಸ್ಟರು ಇರಲಿಲ್ಲ. ಎಲ್ಲಿಗೆ ಹೋಗಿದ್ದಾರೆಂದು ಕೇಳಿದರೆ, ಟಿ.ವಿ. ಪಾಠ ಬಳಸುವುದು ಹೇಗೆ ಎಂಬ ತರಬೇತಿಗೆ ಎಂದು ಸಹಶಿಕ್ಷಕರು ಹೇಳಿದರು. ಟಿ.ವಿ. ಎಲ್ಲಿ ಎಂದು ಕೇಳಿದೆ. ಅವರು ತಲೆ ಕೆರೆದುಕೊಂಡು, ಶಾಲಾ ಸಮಿತಿಯ ಅಧ್ಯಕ್ಷರ ಮನೆಯಲ್ಲಿದೆ, ಇಲ್ಲಿ ಕಳ್ಳಕಾಕರ ಕಾಟ ಎಂದರು.

ಅಧ್ಯಕ್ಷರು ಮನೆಯಲ್ಲಿರಲಿಲ್ಲ, ಅವರ ಹೆಂಡತಿ ಇದ್ದರು. ಬಾಯಿ ತುಂಬ ಮಾತಾಡಿಸಿ, ಯಾರನ್ನೋ ಮರಕ್ಕೆ ಹತ್ತಿಸಿ ಎಳನೀರು ಕೆಡವಿಸಿದರು. ಈ ಸೀಮೆಯಲ್ಲಿ ಕಾಯನ್ನು ಕೊಬ್ಬರಿಗೆ ಬಿಡುತ್ತಾರೆಯೇ ಹೊರತು ಸುಮ್ಮಸುಮ್ಮನೆ ಎಳನೀರಿಗೆ ಕೀಳುವುದಿಲ್ಲ, ಅಷ್ಟು ಮರ್ಯಾದೆ ಮಾಡಿದರು. ನಾನು ಟಿ.ವಿ. ನೋಡಬೇಕಿತ್ತು ಎಂದೆ.

“ಅದ್ಕೇನಂತೆ, ಅಟ್ಟದ ಮ್ಯಾಲೆ ಬದ್ರವಾಗಿ ಐತೆ ಕಣಮ್ಮ” ಅಂದರು.

“ಕೆಳಗೆ ಯಾವಾಗ ಇಳಿಸ್ತೀರಿ?”

“ಕೊಬ್ಬರಿ ಇಳಿಸೋವಾಗ ಇಳಿಸ್ತೀವಿ. ಈಗ ಕೈಯಾಡಿಸಿದ್ರೆ ಕಾಯೆಲ್ಲ ಕೆಟ್ಟೋಯ್ತದೆ.”

ಅಟ್ಟಕ್ಕೆ ಹಾಕಿದ ಕಾಯಿ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ ಬೇಕು. ಅಷ್ಟು ದಿನ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ನಾನೂ ಅಮ್ಜದರೂ ಏಣಿ ಹತ್ತಿ ನೋಡಿದೆವು. ಅಡಿಗೆ ಮನೆಯ ಹೊಗೆ ಮೇಲೇರಿ ಕಣ್ಣುರಿಯುತ್ತಿತ್ತು. ಕಾಯಿಗಳ ನಡುವೆ ಟಿ.ವಿ.ಯ ರಟ್ಟಿನ ಪೆಟ್ಟಿಗೆ, ಬಂದಾಗ ಹಾಕಿದ ಟೇಪನ್ನೂ ಬಿಚ್ಚದೆ, ಕೂತಿತ್ತು. ಕೊಬ್ಬರಿ ಆಗಿದ್ದರೆ ಒಳಗೆ ಗಲಗಲ ಎನ್ನುತ್ತದೆ, ಅದಕ್ಕೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಇಲ್ಲಿನ ವಾಡಿಕೆ. ಅಮ್ಜದ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ, “ಗಲಗಲ ಅಂತಿಲ್ಲ ಮೇಡಂ. ಇನ್ನೂ ಆಗ್ಬೇಕು” ಅಂದರು. ಕೆಳಗೆ ನಿಂತಿದ್ದ ಆಕೆಯೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷ ರಾತ್ರಿ ಹಗಲು ಕೂತು ಬರೆದ ಪಾಠಗಳೆಲ್ಲ ನೆನಪಾಗಿ ಮೈಯೆಲ್ಲ ಉರಿಯಿತು.

ಆ ಸಂಜೆ ತುರುವೇಕೆರೆಗೆ ಬಂದು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಉಳಿದೆ. ಕೋಣೆ ಅಗ್ಗ, ಸೊಳ್ಳೆ ಧಾರಾಳ. ಊಟಕ್ಕೆ ಅಮ್ಜದರ ಮನೆಗೆ ಹೋಗಲೇಬೇಕಾಯಿತು. ಅವರ ಹೆಂಡತಿ ಅವರೆಕಾಳಿನ ಸಾರು ಮಾಡಿದ್ದರು, ಜೊತೆಗೆ ನನಗೆಂದು ಮುದ್ದೆ. ನಾಲ್ಕನೇ ಕ್ಲಾಸಿನ ಮಗಳು ನನ್ನ ಮುಂದೆ ನಿಂತು ನನ್ನದೇ ಪಾಠವೊಂದನ್ನು ಟಿ.ವಿ. ಮೇಡಂ ದನಿಯಲ್ಲಿ ಒಪ್ಪಿಸಿದಳು. ಅವಳದು ಉರ್ದು ಶಾಲೆ. “ಉರ್ದು ಪಾಠ ಇನ್ನೂ ಬಂದಿಲ್ಲ, ಅದ್ಕೆ ಕನ್ನಡದ್ದೇ ಹಾಕ್ತಾರೆ” ಎಂದು ಅಮ್ಜದ್ ವಿವರಿಸಿದರು. “ಲೆಕ್ಕದ ಪಾಠ ನೋಡಿ ನೋಡಿ ನನ್ ಮಗ್ಳು ಕನ್ನಡ ಬಾಳ ಚೆನ್ನಾಗಿ ಕಲ್ತವ್ಳೆ. ಲೆಕ್ಕ ಮಾತ್ರ ಬರಾಕಿಲ್ಲ.”

ಎರಡನೇ ದಿನ ಮಾಯಸಂದ್ರದ ಕಡೆಗೆ. ಹದಿನೈದು ಕಿಲೋಮೀಟರ್ ಇರಬಹುದು, ಗುಂಡಿಗಳನ್ನೂ ಸೇರಿಸಿದರೆ ಮೂವತ್ತು. ದಾರಿಯಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳು ಓಮ್ನಿಯ ಮೇಲಿನ ಏಣಿ ನೋಡಿ “ಡಿಶ್ ಸಾಬ್ರೂ” ಎಂದು ಕೂಗಿ ಕೈ ಬೀಸಿದರು. ಈ ಶಾಲೆಯಲ್ಲಿ ಟಿ.ವಿ. ಅಟ್ಟದಲ್ಲಿರಲಿಲ್ಲ, ನಡುಕೋಣೆಯ ಮೇಜಿನ ಮೇಲೆ ಹೆಣಿಗೆ ಹಾಕಿದ ಬಟ್ಟೆ ಹೊದ್ದುಕೊಂಡು ಕೂತಿತ್ತು. ಹಣೆಗೆ ಆಯುಧಪೂಜೆಯ ಕುಂಕುಮ ಹಾಗೇ ಇತ್ತು. ಹೆಡ್‌ಮಾಸ್ಟರು ರಂಗಪ್ಪನವರು ರಿಟೈರಾಗಲು ಒಂದೆರಡು ವರ್ಷವಿದ್ದ ಸಾಧು ಮನುಷ್ಯ. “ಕೆಟ್ಟಿದೆ ಮೇಡಂ. ದಸರಾಗೆ ಮುಂಚೆನೇ ಕೆಟ್ಟೋಯ್ತು” ಅಂದರು.

ಅಮ್ಜದ್ ಮಾಡು ಹತ್ತಿ ಇಳಿದರು, ಟಿ.ವಿ.ಯ ಹಿಂದೆ ಬಗ್ಗಿ ನೋಡಿದರು. ಡಿಶ್ಶಿನಿಂದ ಬಂದ ತಂತಿಯನ್ನು ಯಾರೋ ಕಿತ್ತು, ನೀಟಾಗಿ ಸುತ್ತಿ, ಬಟ್ಟೆಯ ಅಡಿ ಇಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದು ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ನನ್ನ ಮುಖ ನೋಡಿದರು.

“ಮೇಡಂ, ಕೆಟ್ಟಿದೆ ಅಂತ್ಲೇ ಬರ್ಕೊಳ್ಳಿ. ನಿಮಗೆ ಕೈ ಮುಗೀತೀನಿ.”

“ಯಾಕೆ ಸರ್? ತಂತಿ ಸಿಗಿಸಿದರೆ ಆಯ್ತಲ್ಲ.”

“ಸಿಗಿಸಿದ್ರೆ ನಮ್ಮ ಇಬ್ರು ಟೀಚರಲ್ಲಿ ಒಬ್ರು ಹೋಯ್ತಾರೆ ಮೇಡಂ.”

ಆಮೇಲೆ ನಿಧಾನವಾಗಿ ಹೇಳಿದರು. ಮೇಲಿನ ಕಚೇರಿಯಿಂದ ಮಾತೊಂದು ಬಂದಿತ್ತಂತೆ. ಟಿ.ವಿ. ಪಾಠ ಚೆನ್ನಾಗಿ ನಡೆಯುವ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ಹೆಚ್ಚುವರಿ ಎಂದು ಲೆಕ್ಕ, ಅವರನ್ನು ಮೇಷ್ಟ್ರೇ ಇಲ್ಲದ ಶಾಲೆಗೆ ಕಳಿಸುವುದು. ಟಿ.ವಿ. ಕೆಟ್ಟರೆ ಅವರು ವಾಪಸ್ ಬರುತ್ತಾರೆ. ವರ್ಷದ ವರದಿಯಲ್ಲಿ ಮಾತ್ರ ಎಲ್ಲರೂ ‘ಅತ್ಯುತ್ತಮ’ ಎಂದು ಬರೆಯಬೇಕು, ಅದು ಬೇರೆ ಕಾಗದ. ಮೇಷ್ಟ್ರ ಲೆಕ್ಕ ಕೇಳುವಾಗ ‘ಕೆಟ್ಟಿದೆ’ ಎಂದು ಬಾಯಲ್ಲಿ ಹೇಳಬೇಕು. “ನಂಗೂ ನಿಮ್ಮ ಪಾಠ ಬಾಳ ಇಷ್ಟ ಮೇಡಂ. ಗ್ರಹಣದ ಪಾಠ ನೋಡಿ ನಾನೇ ಕಲ್ತೆ. ಆದ್ರೆ ಒಂದನೇ ಕ್ಲಾಸಿನ ಮಗಿಗೆ ಕೈ ಹಿಡ್ದು ಅ ಆ ಬರ್ಸಕ್ಕೆ ಟಿ.ವಿ. ಬರತ್ತಾ?” ಅಂದರು.

ನಿನ್ನೆ ಅಟ್ಟದ ಮೇಲೆ ಕಂಡದ್ದು ಬರೀ ಸೋಮಾರಿತನ ಎಂದುಕೊಂಡಿದ್ದೆ. ಅಮ್ಜದ್ ತಂತಿಯನ್ನು ಮತ್ತೆ ಸುತ್ತಿ, ಬಟ್ಟೆಯ ಅಡಿ ಇಟ್ಟು, ಕುಂಕುಮ ಅಳಿಸದಂತೆ ಬಟ್ಟೆ ಸರಿಮಾಡಿದರು. ದಬ್ಬೇಘಟ್ಟದ ಕಡೆಯ ಇನ್ನೊಂದು ಶಾಲೆಗೂ ಹೋಗಬೇಕಿತ್ತು. “ಅಲ್ಲೂ ಇದೇ ಸೀನು ಮೇಡಂ, ಸುಮ್ನೆ ಪೆಟ್ರೋಲು” ಎಂದು ಅಮ್ಜದ್ ಅಂದಾಗ ನನಗೂ ಮನಸ್ಸಾಗಲಿಲ್ಲ. “ಸರಿಯಾಗಿ ಓಡ್ತಿರೋ ಕನ್ನಡ ಶಾಲೆ ಒಂದೂ ಇಲ್ವಾ ಹಾಗಾದರೆ?” ಎಂದು ಸಿಟ್ಟಿನಲ್ಲೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಒಂದೈತೆ. ಹುಳಿಯಾರಿನಾಚೆ. ಆ ಟೀಚರಮ್ಮಂಗೆ ಸುಳ್ಳು ಹೇಳಕ್ ಬರಲ್ಲ, ಅದೇ ಅವ್ರ ಕರ್ಮ” ಅಂದರು.

ಮೂರನೇ ದಿನ ಬೆಳಕು ಹರಿಯುವ ಮುಂಚೆ ಹೊರಟೆವು. ಚಿಕ್ಕನಾಯಕನಹಳ್ಳಿಯಲ್ಲಿ ಚಿತ್ರಾನ್ನ ತಿಂದು, ಚಹಾ ಕುಡಿದು, ಹುಳಿಯಾರಿನ ದಾರಿ ಹಿಡಿದಾಗ ಬಿಸಿಲು ಏರಿತ್ತು. ಈ ಕಡೆ ನೆಲ ಕೆಂಪಗೆ ಒಣಗಿದೆ. ತೆಂಗಿನ ತೋಟಗಳು ಚದುರಿ, ನಡುನಡುವೆ ಜಾಲಿ ಪೊದೆ ಕಾಣಿಸತೊಡಗುತ್ತದೆ. ಕುರಿ ಹಿಂಡೊಂದು ರಸ್ತೆಗೆ ಅಡ್ಡ ಬಂದು ನಮ್ಮನ್ನು ತುಂಬ ಹೊತ್ತು ನಿಲ್ಲಿಸಿತು. ಹುಳಿಯಾರಿನ ಸಂತೆಬೀದಿ ದಾಟಿ, ಟಾರು ಮುಗಿದು, ಮಣ್ಣಿನ ದಾರಿಯಲ್ಲಿ ಕುಲುಕಿಕೊಂಡು ಹೋದರೆ ಒಂದು ಹಟ್ಟಿ. ಕುರಿ ಸಾಕುವವರ ಮನೆಗಳು, ಕೊನೆಯಲ್ಲಿ ಎರಡು ಕೋಣೆಯ ಶಾಲೆ. ಮಾಡಿನ ಮೇಲೆ ಡಿಶ್ಶು, ಪಕ್ಕದಲ್ಲಿ ಬ್ಯಾಟರಿಗೆಂದು ಹಾಕಿದ ಸೌರಫಲಕ. ಎರಡೂ ಉಜ್ಜಿ ತೊಳೆದ ಹಾಗಿದ್ದವು.

ಪಾಠ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಿದ್ದೆವು. ನಾನು ಶಬ್ದ ಮಾಡದೆ ಹೊರಗಿನ ಕಿಟಕಿಯ ಬಳಿ ನಿಂತೆ. ನಾಲ್ಕು ಮತ್ತು ಐದನೇ ಕ್ಲಾಸಿನ ಮಕ್ಕಳು ಚಾಪೆ ಮೇಲೆ ಸಾಲಾಗಿ ಕೂತಿದ್ದರು. ಪರದೆಯ ಮೇಲೆ ನಮ್ಮ ಹುಡುಗಿ ಬಂದು, “ನಮಸ್ಕಾರ ಮಕ್ಕಳೇ” ಅಂದಳು. ಮಕ್ಕಳೆಲ್ಲ ದಡಬಡ ಎದ್ದು ಕೈಮುಗಿದು, “ನಮಸ್ತೇ ಮೇಡಂ” ಎಂದು ರಾಗ ಎಳೆದು ಹೇಳಿದರು. ನನ್ನ ಕಣ್ಣು ತುಂಬಿ ಬಂತು. ಎರಡು ವರ್ಷದ ಮೇಲೆ ನನ್ನ ಪಾಠಕ್ಕೆ ಮಕ್ಕಳು ಸಿಕ್ಕಿದ್ದರು.

ಹುಡುಗಿ ಪಾಠ ಶುರು ಮಾಡಿದಳು. ನೆರಳು ಯಾಕೆ ಉದ್ದ ಗಿಡ್ಡ ಆಗುತ್ತದೆ ಎಂಬ ಪಾಠ. ಮಕ್ಕಳು ನಿಂತೇ ಇದ್ದರು. ಇನ್ನೇನು ಕೂರುತ್ತಾರೆ ಎಂದುಕೊಂಡೆ. ಹುಡುಗಿ ದೀಪ ಹಚ್ಚಿ ಕೋಲಿನ ನೆರಳು ತೋರಿಸಿದಳು, ಮಕ್ಕಳು ನಿಂತೇ ನೋಡಿದರು. ಹಿಂದಿನ ಸಾಲಿನವರು ಹಿಮ್ಮಡಿ ಎತ್ತಿ ಇಣುಕುತ್ತಿದ್ದರು. ಪುಟ್ಟ ಹುಡುಗಿಯೊಬ್ಬಳು ಕಾಲು ನೋವಿಗೆ ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡಳು. ತಡೆಯಲಾಗದೆ ಒಳಗೆ ಹೋಗಿ ಯಾಕೆ ಕೂತಿಲ್ಲ ಎಂದು ಪಿಸುಮಾತಿನಲ್ಲಿ ಕೇಳಿದೆ. ಆ ಪುಟ್ಟಿ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು.

“ಟಿ.ವಿ. ಮೇಡಮ್ಮು ಕೂತ್ಕಳಿ ಅಂದಿಲ್ವಲ್ಲ.”

ಅಷ್ಟು ಹೊತ್ತಿಗೆ ಪಕ್ಕದ ಕೋಣೆಯಿಂದ ಶಾರದಮ್ಮ ಓಡಿಬಂದರು. ಆ ಶಾಲೆಯ ಟೀಚರು, ಹುಳಿಯಾರಿನಿಂದ ದಿನಾ ಬಸ್ಸಿನಲ್ಲಿ ಬಂದು ಉಳಿದ ದಾರಿ ನಡೆಯುವವರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಒಂದನೇ ಕ್ಲಾಸಿನ ಮಗುವೊಂದು ವಾಂತಿ ಮಾಡಿಕೊಂಡಿತ್ತಂತೆ. “ಕೂತ್ಕಳ್ರಪ್ಪಾ” ಅಂದರು. ಮಕ್ಕಳು ಒಟ್ಟಿಗೆ ಚಾಪೆಗೆ ಕುಸಿದರು. ಶಾರದಮ್ಮ ಮತ್ತೆ ಪಕ್ಕದ ಕೋಣೆಗೆ ಓಡಿದರು.

ಬಿಸಿಯೂಟದ ಹೊತ್ತಿಗೆ ಎಲ್ಲ ತಿಳಿಯಿತು. ಶಾಲೆಯಲ್ಲಿ ಇಬ್ಬರಿದ್ದರು, ಶಾರದಮ್ಮ ಮತ್ತು ಲೋಕೇಶ ಎಂಬ ಮೇಷ್ಟ್ರು. ಟಿ.ವಿ. ಪಾಠದ ಹೊತ್ತು ಲೋಕೇಶ ಆ ಕೋಣೆಯಲ್ಲಿ ಕೂತಿರುತ್ತಿದ್ದರು. ಮೇಡಂ ನಮಸ್ಕಾರ ಅಂದ ತಕ್ಷಣ “ಕೂತ್ಕಳ್ರೋ” ಅನ್ನುತ್ತಿದ್ದರು. ಅವಳ ಪುಸ್ತಕದ ಮಾತನ್ನು ಹಟ್ಟಿಯ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. ಪಾಠ ಮುಗಿದ ಮೇಲೆ ಮಕ್ಕಳನ್ನು ಹೊರಗೆ ಕರೆದೊಯ್ದು ಕುರಿಯ ನೆರಳು, ಬೇಲಿಯ ನೆರಳು ಅಳೆಸುತ್ತಿದ್ದರು. ಸಂಕ್ರಾಂತಿಯ ಮುಂಚೆ ಕಚೇರಿಯಿಂದ ಟಿ.ವಿ. ಹೇಗೆ ನಡೆಯುತ್ತಿದೆ ಎಂದು ಫೋನು ಬಂತು. ಶಾರದಮ್ಮ ತುಂಬ ಚೆನ್ನಾಗಿ ಎಂದರು. ಹಬ್ಬ ಕಳೆದ ಮೇಲೆ ಲೋಕೇಶರನ್ನು ಬೇರೆ ಶಾಲೆಗೆ ಕಳಿಸಿದರು.

“ಏಳಬೇಡಿ ಅಂತ ಮಕ್ಕಳಿಗೆ ಹೇಳಬಹುದಲ್ಲ?” ಎಂದು ಕೇಳಿದೆ.

“ಹ್ಯಾಗ್ ಹೇಳ್ಲಿ ಮೇಡಂ? ದೊಡ್ಡೋರು ಬಂದ್ರೆ ಏಳ್ಬೇಕು, ಅವ್ರು ಹೇಳೋ ತನಕ ಕೂರಬಾರ್ದು ಅಂತ ನಾನೇ ಕಲಿಸಿದೀನಿ. ಟಿ.ವಿ.ಯವ್ರು ದೊಡ್ಡೋರಲ್ಲ ಅಂತ ಹೇಳ್ಲಾ? ಆಮೇಲೆ ಪಾಠ ಯಾಕೆ ಕೇಳ್ತಾರೆ? ನಾನು ಬಂದು ಕೂರಿಸ್ತೀನಿ. ಆ ಕಡೆ ಚಿಕ್ಕೋರು ಬಿಟ್ರೆ ತಾನೇ.”

ಬೆಂಗಳೂರಿನ ಕತ್ತರಿ ನೆನಪಾಗಿ ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಇಷ್ಟೊಂದು ಯಂತ್ರ ಮಾಡಿ ಆಕಾಶಕ್ಕೆ ಹಾರಿಸಿದ ಜನಕ್ಕೆ, ಹಳ್ಳಿಯ ಮಗು ಹೇಳದೆ ಕೂರುವುದಿಲ್ಲ ಎಂಬುದು ಗೊತ್ತಿಲ್ಲ. ಗೊತ್ತಿದ್ದವಳು ಬರೆದದ್ದನ್ನು ಟೈಮ್ ವೇಸ್ಟು ಎಂದು ತೆಗೆದರು. ಆ ಕ್ಷಣದಲ್ಲಿ ನಮ್ಮ ನಿರ್ದೇಶಕರು ಎದುರಿಗಿದ್ದರೆ ನಾನು ಏನಾದರೂ ಅಂದುಬಿಡುತ್ತಿದ್ದೆ.

“ಮೇಡಂ, ನೀವು ದೊಡ್ಡ ಜಾಗದಲ್ಲಿದೀರಿ” ಎಂದು ಶಾರದಮ್ಮ ತಗ್ಗಿದ ದನಿಯಲ್ಲಿ ಹೇಳಿದರು. “ಲೋಕೇಶ್ ಮೇಷ್ಟ್ರನ್ನ ವಾಪಸ್ ಕೊಡಿ ಅಂತ ಒಂದು ಮಾತು ಹೇಳಿ. ಐದನೇ ಕ್ಲಾಸು ಮುಗಿಸಿ ಈ ಮಕ್ಕಳು ಹುಳಿಯಾರಿಗೆ ಹೋಗ್ಬೇಕು. ಈಗ ಲೆಕ್ಕ ಬರ್ದೆ ಇದ್ರೆ ಹುಡುಗೀರನ್ನ ಕಳಿಸಲ್ಲ, ಕುರಿ ಹಿಂದೆ ಕಳಿಸ್ತಾರೆ. ಇಬ್ರಿದ್ರೆ ಟಿ.ವಿ.ಯಿಂದ ಎಷ್ಟು ಅನುಕೂಲ ಗೊತ್ತಾ? ಒಬ್ಳೇ ಆದ್ರೆ ಅದೂ ಇಲ್ಲ, ನಾನೂ ಇಲ್ಲ.”

ನನ್ನದು ದೊಡ್ಡ ಜಾಗವಲ್ಲ, ನಾನು ಬರೆದ ಒಂದು ಮಾತನ್ನೇ ಉಳಿಸಿಕೊಳ್ಳಲು ನನ್ನಿಂದಾಗಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಆ ಕಡೆ ಮೊಬೈಲು ಇನ್ನೂ ಹೆಡ್‌ಮಾಸ್ಟರರ ಜೇಬಿಗೆ ಮಾತ್ರ ಬಂದಿತ್ತು. ಶಾರದಮ್ಮನೇ ಅಲ್ಲಿನ ಹೆಡ್‌ಮಾಸ್ಟರೂ ಹೌದು, ಅವರ ಮೊಬೈಲಿನಿಂದಲೇ ಕಚೇರಿಗೆ ಫೋನು ಮಾಡಿದೆ. ಟಿ.ವಿ. ಜೊತೆ ಮೇಷ್ಟ್ರಿದ್ದರೆ ಮಾತ್ರ ಪಾಠ ಪಾಠವಾಗುತ್ತದೆ ಎಂದು ವಿವರಿಸಿದೆ. ಅಲ್ಲಿನ ಅಧಿಕಾರಿ ತಾಳ್ಮೆಯಿಂದಲೇ ಕೇಳಿಸಿಕೊಂಡರು.

“ಟಿ.ವಿ. ನಡೀತಿದೆ ತಾನೇ ಮೇಡಂ?”

“ನಡೀತಿದೆ ಸರ್, ಆದರೆ…”

“ನಡೀತಿರೋ ಕಡೆ ಇಬ್ರು ಯಾಕೆ? ನನ್ ಹತ್ರ ಬೀಗ ಹಾಕಿರೋ ಶಾಲೆಗಳಿವೆ ಮೇಡಂ. ಅಲ್ಲಿ ಟಿ.ವಿ.ನೂ ಇಲ್ಲ, ಮೇಷ್ಟ್ರೂ ಇಲ್ಲ. ನೀವೇ ಹೇಳಿ ಏನ್ ಮಾಡ್ಲಿ?”

ಆ ಮನುಷ್ಯ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮೊಬೈಲನ್ನು ಶಾರದಮ್ಮನಿಗೆ ವಾಪಸ್ ಕೊಟ್ಟೆ. ಅಮ್ಜದ್ ಕೈ ತೊಳೆದು ಬಂದು, ಬೀಡಿ ಹಚ್ಚದೆ ಬೆರಳಲ್ಲಿ ಹೊರಳಿಸುತ್ತ ಮಾಡಿನ ಕಡೆ ನೋಡಿದರು.

“ಟೀಚರಮ್ಮಾ, ಒಂದು ಮಾತು. ಆ ಡಿಶ್ಶು ನಾನೇ ಕೂರ್ಸಿದ್ದು. ಒಂದು ಬೆರಳು ತಿರುಗಿಸಿದ್ರೆ ಸಾಕು, ಪಾಠ ಬರಲ್ಲ. ಕೆಟ್ಟೋಯ್ತು ಅಂತ ನಾನೇ ಬರ್ದು ಕೊಡ್ತೀನಿ. ನಿಮ್ ಬಾಯಲ್ಲಿ ಸುಳ್ಳು ಬೇಡ.”

ಶಾರದಮ್ಮನೂ ತಲೆಯೆತ್ತಿ ಡಿಶ್ಶಿನ ಕಡೆ ನೋಡಿದರು. ಅಂಗಳದಲ್ಲಿ ಮಕ್ಕಳು ತಟ್ಟೆ ತೊಳೆಯುವ ಸದ್ದು ಕೇಳುತ್ತಿತ್ತು.

“ಮತ್ತೆ ಸರಿ ಮಾಡಕ್ಕಾಗತ್ತಾ?”

“ಯಾವಾಗ್ಬೇಕಾದ್ರೂ ಆಗತ್ತೆ. ಆದ್ರೆ ಸರಿ ಮಾಡಿದ್ ದಿನ ಲೋಕೇಶ್ ಮೇಷ್ಟ್ರು ಮತ್ತೆ ಹೋಯ್ತಾರೆ.”

ಶಾರದಮ್ಮ ನನ್ನ ಕಡೆ ತಿರುಗಿ, “ನಿಮ್ಮ ಪಾಠ ಮೇಡಂ. ನೀವು ಬೇಡ ಅಂದ್ರೆ ಬೇಡ” ಅಂದರು. ಆ ಮಾತು ನನಗೆ ಇಂದಿಗೂ ಚುಚ್ಚುತ್ತದೆ. ನೋಡುವ ಮಕ್ಕಳಿಲ್ಲವೆಂದು ಎರಡು ದಿನ ಉರಿದುಕೊಂಡು ಅಲೆದವಳು ನಾನು. ಸಿಕ್ಕ ಒಂದೇ ಒಂದು ಕೋಣೆಯನ್ನು ನಾನೇ ಮುಚ್ಚಬೇಕಾಗಿ ಬಂತು. “ತಿರುಗಿಸಿ” ಅಂದೆ. ಅಮ್ಜದ್ ಬೆಳಗಿನ ಆ ಕಿಟಕಿಯ ಪಕ್ಕ ಏಣಿ ಒರಗಿಸಿದರು, ನಾನು ಕೆಳಗೆ ನಿಂತು ಹಿಡಿದುಕೊಂಡೆ.

ಮಧ್ಯಾಹ್ನದ ಪಾಠ ಆಗಷ್ಟೇ ಶುರುವಾಗಿತ್ತು. ಟಿ.ವಿ. ಮೇಡಂ ನಮಸ್ಕಾರ ಅಂದಳು, ಮಕ್ಕಳು ಎದ್ದು ನಿಂತರು. ಮಾಡಿನ ಮೇಲೆ ಸ್ಪ್ಯಾನರಿನ ಸದ್ದಾಯಿತು. ಹುಡುಗಿಯ ಮುಖ ಚೂರು ಚೂರಾಗಿ ಒಡೆದು, ಪರದೆ ಪೂರ್ತಿ ನೀಲಿಯಾಯಿತು. ಮಕ್ಕಳು ಆ ನೀಲಿ ಪರದೆಯ ಮುಂದೆ ಕೈಕಟ್ಟಿ ನಿಂತೇ ಇದ್ದರು. ಶಾರದಮ್ಮ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಆಮೇಲೆ ಒಳಗೆ ಹೋಗಿ ಟಿ.ವಿ. ಆರಿಸಿ, “ಕೂತ್ಕಳ್ರಪ್ಪಾ” ಅಂದರು.

ಬೆಳಗಿನ ಆ ಪುಟ್ಟಿಯೇ ಕೇಳಿದಳು, “ಮಿಸ್, ಟಿ.ವಿ. ಮೇಡಮ್ಮು ಎಲ್ಲಿಗೋದ್ರು?”

“ಅವ್ರಿಗೂ ವರ್ಗ ಆಯ್ತು ಕಣೇ” ಅಂದರು ಶಾರದಮ್ಮ.

ಹೊರಡುವಾಗ ಅವರು ನನ್ನ ಕೈಗೆ ಒಂದು ಉಂಡೆ ಕೊಬ್ಬರಿ ಕೊಟ್ಟರು. ಬೇಡವೆಂದರೂ ಬಿಡಲಿಲ್ಲ. ಓಮ್ನಿ ತಿರುಗುವಲ್ಲಿ ಹಿಂತಿರುಗಿ ನೋಡಿದೆ. ಉಜ್ಜಿ ತೊಳೆದ ಡಿಶ್ಶು ಮಾಡಿನ ಮೇಲೆ ಮೊದಲಿನಂತೆಯೇ ಕಾಣುತ್ತಿತ್ತು, ಒಂದು ಬೆರಳಿನ ವ್ಯತ್ಯಾಸ ಅಷ್ಟು ದೂರದಿಂದ ಯಾರಿಗೂ ತಿಳಿಯುವಂತಿರಲಿಲ್ಲ. ಅಮ್ಜದ್ ಚಿಕ್ಕನಾಯಕನಹಳ್ಳಿಯವರೆಗೆ ಒಂದೂ ತಮಾಷೆ ಮಾಡಲಿಲ್ಲ. ಬಸ್ಸು ಹತ್ತಿಸುವಾಗ ಮಾತ್ರ, “ಕೂರ್ಸಿದ ಕೈಲೇ ಕೆಡಿಸಿದ್ದು ಇದೇ ಫಸ್ಟು ಮೇಡಂ” ಅಂದರು. ತುಮಕೂರಿನವರೆಗೆ ನಿಂತೇ ಬಂದೆ. ಬಸ್ಸಿನಲ್ಲಿ ಸೀಟಿರಲಿಲ್ಲ.

ವಾರ ಕಳೆಯುವುದರೊಳಗೆ ಲೋಕೇಶ ಮೇಷ್ಟ್ರು ಹಟ್ಟಿಗೆ ವಾಪಸ್ ಬಂದರೆಂದು ಅಮ್ಜದ್ ಫೋನು ಮಾಡಿದರು. ಅವರು ಬಿಟ್ಟು ಬಂದ ಶಾಲೆಗೆ ಮತ್ತೆ ಬೀಗ ಬಿದ್ದಿದೆ ಎಂದೂ ಹೇಳಿದರು. ಅಷ್ಟರಲ್ಲಿ ನಾನು ನಿರ್ದೇಶಕರ ಮುಂದೆ ಕೂತು ನಿಂತ ಮಕ್ಕಳ ಕಥೆಯನ್ನು ಹೇಳಿಯಾಗಿತ್ತು, ಡಿಶ್ಶಿನ ಕಥೆಯನ್ನು ಬಿಟ್ಟು. ಅವರು ನಿಜಕ್ಕೂ ನೊಂದುಕೊಂಡರು. “ಛೇ, ಮೊದಲೇ ಗೊತ್ತಾಗಿದ್ರೆ!” ಅಂದರು. ಆ ಹುಡುಗಿಯನ್ನು ಕರೆಸಿ, ಅದೇ ಸೀರೆ ಉಡಿಸಿ, ಆ ಒಂದು ಮಾತನ್ನು ರೆಕಾರ್ಡ್ ಮಾಡಿ ಎಲ್ಲ ಪಾಠದ ಶುರುವಿಗೂ ಸೇರಿಸಿದರು. ಈಗ ಅವಳು ದಿನಾ ನಗುನಗುತ್ತ, “ನಮಸ್ಕಾರ ಮಕ್ಕಳೇ, ಕುಳಿತುಕೊಳ್ಳಿ” ಅನ್ನುತ್ತಾಳೆ. ತಿಪಟೂರಿನ ಕಡೆಯ ಅಟ್ಟದ ಕಾಯಿಗಳಿಗೆ ಅನ್ನುತ್ತಾಳೆ, ಮಾಯಸಂದ್ರದ ಕಡೆಯ ಹೆಣಿಗೆ ಬಟ್ಟೆಗೆ ಅನ್ನುತ್ತಾಳೆ. ಆ ಮಾತಿಗಾಗಿ ಕಾಲು ನೋಯಿಸಿಕೊಂಡು ನಿಂತಿದ್ದ ಮಕ್ಕಳಿಗೆ ಮಾತ್ರ ಅದು ಕೇಳಿಸುವುದಿಲ್ಲ.